ಮೇಜಿನ ಮೇಲೆ ಮೂರು ಹಿಡಿ ಹತ್ತಿ

ನನ್ನ ಮೊದಲ ನೌಕರಿ ನನಗೆ ಸಿಕ್ಕದ್ದು ಗೆಳೆಯನ ಮನೆಯ ವಿದ್ಯೆಯಿಂದ. ಈ ಮಾತನ್ನು ಹೇಳಲೇಬೇಕಾಗಿದ್ದ ಜಾಗದಲ್ಲಿ ಹೇಳದೆ ಬಂದೆ. ಅಲ್ಲಿಂದ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಮೂವತ್ತರ ದಶಕದ ಕೊನೆಯ ವರ್ಷಗಳು. ನಾನೂ ಆ ಗೆಳೆಯನೂ ಹುಬ್ಬಳ್ಳಿಯವರು, ನಾಲ್ಕು ವರ್ಷ ಒಂದೇ ರೈಲಿನಲ್ಲಿ ಧಾರವಾಡದ ಕಾಲೇಜಿಗೆ ಹೋಗಿಬಂದು ಬಿ.ಎ. ಮುಗಿಸಿದ್ದೆವು. ನನ್ನ ತಂದೆ ಶಾಲೆಯ ಮಾಸ್ತರರು. ನಮ್ಮ ಮನೆಯಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಗಡಿಯಾರವೇ ಯಜಮಾನ. ಅವನ ತಂದೆ ಹತ್ತಿ ಹಿಂಜುವವರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಬೆಳಗಾದರೆ ಹಿಂಜುವ ಬಿಲ್ಲಿನ ಸದ್ದು. ಗಾದಿ, ದಿಂಬುಗಳ ರಾಶಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಆ ಬೇಸಗೆಯಲ್ಲಿ ಹತ್ತಿ ಖರೀದಿಸುವ ಒಂದು ಕಂಪನಿ ಹುಬ್ಬಳ್ಳಿಯ ತನ್ನ ಕಚೇರಿಗೆ ಇಬ್ಬರು ಪದವೀಧರ ಕಾರಕೂನರು ಬೇಕೆಂದು ಪ್ರಕಟಿಸಿತು. ಇಬ್ಬರೂ ಅರ್ಜಿ ಹಾಕಿದೆವು, ಇಬ್ಬರಿಗೂ ಇಂಟರ್‌ವ್ಯೂಗೆ ಕರೆ ಬಂತು. ಹದಿನೈದು ದಿನ ಸಮಯವಿತ್ತು. ನಾನು ಒಂದು ವಹಿಯಲ್ಲಿ ನಿಯಮಗಳನ್ನು ಬರೆದು, ಪ್ರತಿದಿನ ಏಳು ಗಂಟೆಗೆ ಸರಿಯಾಗಿ ಅವರ ಮನೆಗೆ ಹೋಗತೊಡಗಿದೆ. ಗಾದಿಯ ಸುರುಳಿಯ ಮೇಲೆ ನಾನು ಸಾಹೇಬನಾಗಿ ಕೂರುವುದು, ಅವನು ಬಾಗಿಲಿನಿಂದ ಒಳಗೆ ಬರುವುದು, ನಮಸ್ಕಾರ ಹೇಳುವುದು, ಕೂರೆಂದ ಮೇಲೆ ಕೂರುವುದು. ಸರಿಹೋಗದಿದ್ದರೆ ಮತ್ತೆ ಬಾಗಿಲಿನಿಂದ.

"ನಾಲ್ಕು ಸಲ ಆತಲ್ಲೋ ತಮ್ಮಾ," ಎಂದು ಕಾಕಾ ಬಿಲ್ಲು ನಿಲ್ಲಿಸಿ ನಗುತ್ತಿದ್ದರು. "ಬಿ.ಎ. ಪಾಸಾದವಗ ಕುಂದರೂದೂ ಕಲಿಸಬೇಕೇನು?"

"ಅಪ್ಪಾ, ಮಾಸ್ತರ ಮಗಾ ಅಂವಾ. ನಿನ್ನ ಕೈಯಾಗೂ ಪಾಟಿ ಕೊಟ್ಟಾನು, ಸುಮ್ಮನಿರು," ಎನ್ನುತ್ತಿದ್ದ ಗೆಳೆಯ.

ಅವನಿಗೆ ಒಂದು ರೂಢಿಯಿತ್ತು. ಮಾತನಾಡುವಾಗ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದಲ್ಲಿ ಹತ್ತಿ ಇದ್ದರೆ ಒಂದು ಚಿಟಿಕೆ ಎತ್ತಿಕೊಂಡು, ಎಳೆ ಎಳೆಯಾಗಿ ಬಿಡಿಸುತ್ತಲೇ ಉತ್ತರ ಹೇಳುತ್ತಿದ್ದ. ನನಗೆ ಅದು ಅಶಿಸ್ತಾಗಿ ಕಂಡಿತು. ಅವನೊಬ್ಬನಿಗಾಗಿಯೇ ಮೂರು ನಿಯಮ ಸೇರಿಸಿದೆ: ಕೈಗಳು ಮೊಣಕಾಲ ಮೇಲಿರಬೇಕು, ಮೇಜಿನ ಮೇಲಿನ ಯಾವುದನ್ನೂ ಮುಟ್ಟಬಾರದು, ತಂದೆಯ ಉದ್ಯೋಗ ಕೇಳಿದರೆ 'ವ್ಯಾಪಾರ' ಎನ್ನಬೇಕೇ ಹೊರತು ಹಿಂಜುವ ಮಾತು ಎತ್ತಬಾರದು.

ಕೊನೆಯದಕ್ಕೆ ಅವನು ತಕರಾರು ಮಾಡಿದ. "ಖರೇ ಹೇಳಿದರ ಏನಾಗತೈತಿ?"

"ಪದವೀಧರನ್ನ ನೋಡಾಕ ಕರದಾರ ಅವರು. ಹಿಂಜಾಂವನ್ನಲ್ಲ," ಎಂದೆ. ಬಿಲ್ಲಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಕರೆದಿರುವುದು ಹತ್ತಿಯ ಕಂಪನಿ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಬಿ.ಎ. ಎಂದರೆ ಇಂಗ್ಲಿಷು, ಬರೆಯುವ ಟಾಕು, ಮಸಿಯ ದೌತಿ, ಇಷ್ಟೇ ಎಂದು ತಿಳಿದಿದ್ದೆ. ಆದರೆ ಆ ಹದಿನೈದು ದಿನ ಅವರ ಕೋಣೆಯಲ್ಲಿ ಕುಳಿತು ನಾನು ಕಾಕಾನ ಕೈಯನ್ನೂ ನೋಡುತ್ತಿದ್ದೆ. ಹತ್ತಿಯನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟಾಗ ಅದು ಉಬ್ಬಿ ಏಳದಿದ್ದರೆ ತೂಕ ಹೆಚ್ಚಿಸಲು ನೀರು ಹೊಡೆದದ್ದು. ಎರಡು ಹೆಬ್ಬೆರಳುಗಳ ನಡುವೆ ಎಳೆದಾಗ ಒಂದು ಎಳೆ ಗಿಡ್ಡ, ಒಂದು ಉದ್ದ ಬಂದರೆ ಎರಡು ತರಹದ ಮಾಲು ಬೆರೆಸಿದ್ದು. ಯಾರೋ ಗಿರಾಕಿಗೆ ಅವರು ಇದನ್ನು ತೋರಿಸಿದ್ದನ್ನು ಎರಡು ಮೂರು ಸಲ ಕಂಡಿದ್ದೆ.

ಆ ದಿನ ಅವನನ್ನು ಮೊದಲು ಕರೆದರು. ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದ. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ಮೇಜಿನ ಮ್ಯಾಲೆ ಮೂರು ಹಿಡಿ ಹತ್ತಿ ಇಟ್ಟಾರ. ಏನ ತಿಳೀತದ ಹೇಳು ಅಂತಾರ. ನೀ ಹೇಳಿದಂಗ ನಾ ಮುಟ್ಟಲಿಲ್ಲ. ಇತಿಹಾಸ ಓದೇನ್ರಿ ಅಂದೆ."

ಅಷ್ಟರಲ್ಲಿ ಸಿಪಾಯಿ ನನ್ನ ಹೆಸರು ಕೂಗಿದ.

ಒಳಗೆ ಹೋಗಿ ಕುಳಿತೆ. ಸಾಹೇಬರು ಅದೇ ಪ್ರಶ್ನೆ ಕೇಳಿದರು. ನಾನು ಕೈ ಚಾಚಿ ಹತ್ತಿಯನ್ನು ಎತ್ತಿಕೊಂಡೆ. ಹಿಚುಕಿದೆ, ಬಿಟ್ಟೆ, ಎಳೆದೆ. ಒಂದು ಒದ್ದೆ ಮಾಲು, ಒಂದು ಬೆರಕೆ, ಒಂದು ಸಾಚಾ ಎಂದೆ. ಅವರು ನೆಟ್ಟಗೆ ಕುಳಿತರು. "ಬಿ.ಎ. ಓದಿದವರು ಇದನ್ನು ಎಲ್ಲಿ ಕಲಿತಿರಿ?"

ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ಈಗ ತಾನೇ ಹೊರಗೆ ಹೋದನಲ್ಲ, ಅವನ ತಂದೆ ಕಲಿಸಿದರು, ಅವನಿಗೆ ನನಗಿಂತ ಹತ್ತು ಪಟ್ಟು ಗೊತ್ತು, ಮತ್ತೊಮ್ಮೆ ಕರೆಯಿರಿ. ವಾಕ್ಯ ಇಂಗ್ಲಿಷಿನಲ್ಲಿ ಸಿದ್ಧವಾಗಿ ಬಾಯಿಯವರೆಗೆ ಬಂದಿತ್ತು. "ಪೇಟೆಯಲ್ಲಿ ನೋಡಿ ಕಲಿತೆ," ಎಂದುಬಿಟ್ಟೆ.

ಅವನು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದ. ಅರ್ಧ ದಾರಿ ನಡೆದ ಮೇಲೆ ಕೇಳಿದ, "ನೀ ಮುಟ್ಟಿದೇನು?"

"ಹೂಂ."

"ಛಲೋ ಆತು ಬಿಡು," ಎಂದ.

ನನಗೂ ಬೇರೆ ಊರಿನ ಇನ್ನೊಬ್ಬನಿಗೂ ನೌಕರಿಯ ಕಾಗದ ಬಂತು. ಪೇಢೆ ತೆಗೆದುಕೊಂಡು ಅವರ ಮನೆಗೆ ಹೋದೆ. ಹೋಗದಿದ್ದರೆ ಅವರಿಗೆ ಅನುಮಾನ ಬಂದೀತೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಕಾಕಾ ಪೇಢೆಯನ್ನು ಕಣ್ಣಿಗೊತ್ತಿಕೊಂಡು ತಿಂದು, ಮಗನ ಕಡೆ ತಿರುಗಿದರು.

"ಹತ್ತಿ ಇಟ್ಟಿದ್ರಂತ, ಖರೇ ಏನು? ಹುಟ್ಟಿದಾಗಿಂದ ಹತ್ತ್ಯಾಗ ಮಲಗಿದಾಂವ ನೀನು. ಯಾಕ ಮುಟ್ಟಲಿಲ್ಲ?"

ನಾನು ಹೊಸ್ತಿಲನ್ನು ನೋಡುತ್ತ ನಿಂತೆ.

"ನನಗ ಹೊಳೀಲಿಲ್ಲ, ಅಪ್ಪಾ," ಎಂದ ಅವನು. ನನ್ನ ಕಡೆ ನೋಡಲಿಲ್ಲ.

ಕಾಕಾ ತಲೆ ಕೊಡವಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು, "ನೋಡು ತಮ್ಮಾ, ಮುಂದಿನ ತಿಂಗಳ ಮತ್ತೊಂದು ಕಚೇರ್ಯಾಗ ಕರದಾರಂತ. ಇವಗ ಇನ್ನೊಮ್ಮೆ ಬರೊಬ್ಬರಿ ಕಲಿಸು. ನಿನ್ನಂಗ ಧೈರ್ಯ ಬರಲಿ."

"ಆಗಲಿ ಕಾಕಾ," ಎಂದೆ.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ನೌಕರಿಗೆ ಹಾಜರಾಗಲು ಇನ್ನೂ ಹನ್ನೆರಡು ದಿನ ಬಾಕಿಯಿತ್ತು. ಮಾಡಲು ಬೇರೆ ಕೆಲಸವೂ ಇರಲಿಲ್ಲ.