ಅವ್ವನ ಮುಯ್ಯಾಳು

ನಮ್ಮ ಕಡೆ ಮುಯ್ಯಾಳು ಎಂಬುದೊಂದಿದೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕೂಲಿಯ ಮಾತೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಒಂದೆಕರೆ ಹೊಲವನ್ನು ಅವ್ವ ನಡೆಸಿದ್ದು ಹೀಗೆಯೇ. ಆ ಮುಂಗಾರಿನಲ್ಲೂ ಓಣಿಯವರೆಲ್ಲರ ಹೊಲದಲ್ಲಿ ಬೆನ್ನು ಬಗ್ಗಿಸಿ ಕಳೆ ಕಿತ್ತಿದ್ದಳು. ನಮ್ಮ ಸಣ್ಣ ಈರುಳ್ಳಿ ಕೀಳುವ ದಿನ ಬಂದಾಗ ಓಣಿಯೇ ಖಾಲಿ. ಗಡಿಯಾಚೆ ವಯನಾಡಿನ ಶುಂಠಿ ಹೊಲಗಳಲ್ಲಿ ಇಲ್ಲಿಯ ಎರಡರಷ್ಟು ಕೂಲಿ. ಬೆಳಗಾಗುತ್ತಲೇ ಎಲ್ಲರೂ ಜೀಪು ಹತ್ತಿಬಿಡುತ್ತಿದ್ದರು.

ಬದನಗುಪ್ಪೆಯ ಫ್ಯಾಕ್ಟರಿಗೆ ರಜೆ ಹಾಕಿ ನಾನು ಬಂದಿದ್ದೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕಪ್ಪಿಟ್ಟಿತ್ತು. ಜೋರು ಮಳೆ ಬಿದ್ದರೆ ಗಡ್ಡೆ ಕೊಳೆತು ಬೆಳೆಯೆಲ್ಲ ಮಣ್ಣುಪಾಲು. ಜೀಪು ಹತ್ತುತ್ತಿದ್ದ ಪಕ್ಕದ ಮನೆಯವಳ ಸೆರಗನ್ನು ಅವ್ವ ಹಿಡಿದೇಬಿಟ್ಟಳು.

"ಒಂದೇ ಒಂದು ದಿನ ಬಾರವ್ವ."

"ಮುಯ್ಯಿ ತೀರಿಸ್ತಾ ಕುಂತ್ರೆ ನಮ್ಮ ಒಲೆ ಉರೀತದೇನಕ್ಕ? ಬೇಕಾರೆ ಕೂಲಿ ಕಾಸು ಕೊಟ್ಬುಡ್ತೀನಿ, ಆಳು ಮಾತ್ರ ಕೇಳ್ಬ್ಯಾಡ."

ಕಾಸು ಈರುಳ್ಳಿ ಕೀಳುತ್ತದೆಯೇ? ಕಾಸು ಕೊಟ್ಟು ಕರೆಯೋಣವೆಂದರೂ ಊರಲ್ಲಿ ಆಳಿರಲಿಲ್ಲ. ನನಗೆ ಅವಳ ಮೇಲೆ ಮೈಯೆಲ್ಲ ಉರಿಯಿತು. ಅವಳದ್ದಾದರೂ ಏನು ತಪ್ಪು ಎಂದುಕೊಂಡರೆ ಇನ್ನೂ ಉರಿಯಿತು.

ಕೊನೆಗೆ ಅವ್ವ ರಸ್ತೆಯಾಚೆಯ ಕೋಳಿ ಫಾರಂಗೆ ಹೋಗಿ, ಅಲ್ಲಿ ದುಡಿಯಲು ನೇಪಾಳದಿಂದ ಬಂದಿದ್ದ ಗಂಡ ಹೆಂಡತಿಗೆ ಕೈಮುಗಿದಳು. ಕೋಳಿಗಳಿಗೆ ಮೇವು ಹಾಕಿ ಇಬ್ಬರೂ ಬಂದರು. ನಾಲ್ವರೂ ಹುಚ್ಚು ಹಿಡಿದವರಂತೆ ಕಿತ್ತೆವು. ಅರ್ಧ ಹೊಲ ಮುಗಿಯುವಷ್ಟರಲ್ಲಿ ಮಳೆ ಸುರಿದೇಬಿಟ್ಟಿತು. ಮಿಕ್ಕರ್ಧ ನಮ್ಮ ಕಣ್ಣೆದುರೇ ನೀರಲ್ಲಿ ಮುಳುಗಿತು. ಅವ್ವ ಬದುವಿನ ಮೇಲೆ ಕುಸಿದು ಕೂತಳು.

ನಾನು ಕೂಲಿ ಕೊಡಹೋದರೆ ಆ ಹೆಂಗಸು ಬೇಡವೆಂದು ಕೈಯಾಡಿಸಿದಳು. ಅವ್ವನತ್ತ ತಿರುಗಿ, ತನಗೆ ಬರುವಷ್ಟು ಕನ್ನಡದಲ್ಲಿ, "ನಮ್ಮೂರಲ್ಲೂ ಹಿಂಗೇ ಅಮ್ಮ. ನಾವು ಬಂದ್ರೆ, ನೀವೂ ಬರಬೇಕು" ಎಂದಳು.

ಅವ್ವ ಸೆರಗು ಕೊಡವಿ ಎದ್ದಳು. "ಬತ್ತೀನಿ ಕಣವ್ವ, ಬರ್ದೆ ಇರ್ತೀನಾ? ನಿನ್ನೊಲ ಎಲ್ಲದೆ? ಯಾವತ್ತು ಬರ್ಲಿ?"

"ಹೊಲ ನೇಪಾಳ ಅಮ್ಮ. ಈಗ ರಾಗಿ ನಾಟಿ. ಅತ್ತೆ ಒಬ್ರೇ. ಊರಲ್ಲಿ ಯಾರೂ ಇಲ್ಲ, ಎಲ್ಲ ಹೊರಗೆ ಕೆಲಸ."

ಯಾರ ಮುಯ್ಯನ್ನೂ ಉಳಿಸಿಕೊಳ್ಳದ ಅವ್ವ, ಕೆಸರು ಮೆತ್ತಿದ ಅವಳ ಎರಡೂ ಕೈ ಹಿಡಿದುಕೊಂಡು, "ಅಷ್ಟು ದೂರ ಎಂಗವ್ವ ಬರ್ಲಿ?" ಎಂದು ಗೊಳೋ ಎಂದು ಅತ್ತಳು.