ನಲ್ಲಿಯಲ್ಲಿ ತೊಳೆದ ತುಂಡು

ಮೊನ್ನೆ ಮೊಮ್ಮಗಳು ಆಸ್ಪತ್ರೆಯ ಲ್ಯಾಬಿನಿಂದ ಬಂದು ತಬ್ಬಿಕೊಂಡಾಗ ಅವಳ ತೋಳಿನಿಂದ ಸ್ಪಿರಿಟ್ಟಿನ ವಾಸನೆ ಬಂತು. ಹೊಸ ಕೆಲಸ, ನನಗೋ ಹಿಗ್ಗು. ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆಪರೇಷನ್ ನಡೆಯುವಾಗಲೇ ಗಂಟಿನ ತುಂಡನ್ನು ಹೆಪ್ಪುಗಟ್ಟಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಕ್ಯಾನ್ಸರೋ ಅಲ್ಲವೋ ನೋಡಲು ಡಾಕ್ಟರಿಗೆ ಕೊಡಬೇಕಂತೆ. ಅದನ್ನು ನೋಡಿಯೇ ಎಷ್ಟು ಕೊಯ್ದು ತೆಗೆಯಬೇಕೆಂಬ ತೀರ್ಮಾನವಂತೆ. "ನೀರು ಮಾತ್ರ ಸೋಕಬಾರ್ದು ಅಜ್ಜಿ. ಒಳಗೇ ಐಸಾಗಿ ತೂತು ತೂತು ಬೀಳುತ್ತೆ" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ...

ಐವತ್ತರ ದಶಕದ ಕೊನೆ, ನಾನು ಬಿನ್ನಿಪೇಟೆಗೆ ಬಂದ ಹೊಸ ಸೊಸೆ. ಪಕ್ಕದ ಮನೆಯ ಅಕ್ಕ ಬಟ್ಟೆ ಮಿಲ್ಲಿಗೆ ಹೋಗುತ್ತಿದ್ದಳು. ಅವಳ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ನಿನ ದಿನ, ಮೊಲೆ ಕುಡಿಯುವ ಅವಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆಯಾ ಗಂಟಿನ ತುಂಡನ್ನು ತಂದು, ನಲ್ಲಿಯಲ್ಲಿ ಚೆನ್ನಾಗಿ ತೊಳೆದು, ಲ್ಯಾಬಿಗೆ ಕೊಟ್ಟಳು.

ಸ್ವಲ್ಪ ಹೊತ್ತಿಗೆ ಲ್ಯಾಬಿನ ಡಾಕ್ಟರು ಕೂಗಾಡುತ್ತಾ ಓಡಿಬಂದರು. "ಯಾರಮ್ಮಾ ಇದನ್ನ ತೊಳೆದಿದ್ದು? ಬರೀ ತೂತು, ಏನೂ ಕಾಣ್ತಿಲ್ಲ. ಇನ್ನೊಂದು ತುಂಡು ಕೊಡಕ್ಕೆ ಹೇಳಿ!"

"ರಕ್ತ ಮೆತ್ಕೊಂಡಿತ್ತು ಸಾರ್, ಹಂಗೇ ಹೆಂಗೆ ಕೊಡೋದು?" ಎಂದಳು ಆಯಾ.

ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆಯಿತು. "ಕಾಯೋಕಾಗಲ್ಲ. ಪೂರ್ತಿ ತೆಗೆದುಬಿಡ್ತೀನಿ" ಎಂದ ದೊಡ್ಡ ಡಾಕ್ಟರ್. ಬಾಗಿಲು ಮುಚ್ಚಿತು.

ಮೊಲೆ ಹೋಯಿತು. ಆಮೇಲೆ ನಿಧಾನವಾಗಿ ಪರೀಕ್ಷೆ ಮಾಡಿ ಹೇಳಿದರು, ಕ್ಯಾನ್ಸರೇ ಅಲ್ಲ, ಬರೀ ಗಂಟು...

ನಾನು ಆಯಾಳನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಕೂಸನ್ನು ಉಳಿದ ಮಗ್ಗುಲಿಗೆ ಹಾಕಿಕೊಂಡು, "ಅವಳನ್ಯಾಕೆ ಬೈತೀಯೇ? ನೀನು ಮಾಂಸ ತೊಳೀದೆ ಸಾರಿಗೆ ಹಾಕ್ತೀಯಾ? ಮಿಲ್ಲಲ್ಲಿ ಒಂದೆಳೆ ಕಡಿದ್ರೂ ಮಗ್ಗ ನಿಲ್ಲಿಸ್ತೀವಿ ಕಣೇ. ಆ ದೊಡ್ಡ ಡಾಕ್ಟರಯ್ಯ ನಿಲ್ಲಿಸಲಿಲ್ಲ" ಎಂದಳು.

ಅವಳು ಅತ್ತಿದ್ದನ್ನು ನಾನು ಕಾಣೆ. ನನ್ನ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ. ಅಷ್ಟು ಓದಿದವನಿಗೆ ಒಂದು ಗಳಿಗೆ ಕಾಯಲು ಏನು ರೋಗ? ಹೆಣ್ಣಿನ ಮೈಯೇನು ಬೇಲಿಯ ಮೇಲಿನ ಸೊಪ್ಪೇ, ಸವರಿ ಹಾಕಲು?

ನಿನ್ನೆ ಮೊಮ್ಮಗಳ ಲ್ಯಾಬಿಗೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ತುಂಡೊಂದು ಬಂತಂತೆ. ಇವಳು ಆಪರೇಷನ್ ಕೋಣೆಗೆ ಫೋನ್ ಮಾಡಿ, "ಇದಾಗಲ್ಲ ಸಾರ್, ಬೇರೆ ಕಳ್ಸಿ, ಸ್ವಲ್ಪ ಕಾಯಿರಿ" ಅಂದಳಂತೆ. ಅವರು ಕಾದರಂತೆ! ಇವಳು ಚೆಂದವಾಗಿ ಕೊಯ್ದುಕೊಟ್ಟಳಂತೆ, ಕ್ಯಾನ್ಸರ್ ಅಲ್ಲ ಅಂತ ಬಂತಂತೆ, ಗಂಟಷ್ಟೇ ತೆಗೆದು ಹೊಲಿದರಂತೆ. ಈ ವಯಸ್ಸಿನಲ್ಲಿ ಕುಣಿದಾಡಿಬಿಟ್ಟೆ. ಪಕ್ಕದ ಮನೆಯ ಅಕ್ಕನಿಗೆ ಓಡಿ ಹೇಳಬೇಕೆಂದು ಸೆರಗು ಸಿಕ್ಕಿಸಿ ಹೊಸ್ತಿಲು ದಾಟಿದೆ...

ಬಿನ್ನಿಪೇಟೆಯ ಮನೆ ಬಿಟ್ಟು, ಅಕ್ಕ ತೀರಿಹೋಗಿ ಎಷ್ಟು ಕಾಲವಾಯಿತು! ಈಗಿನ ಪಕ್ಕದ ಮನೆಯ ಹುಡುಗಿ ಸ್ಕೂಟರ್ ನಿಲ್ಲಿಸಿ, "ಯಾಕಜ್ಜಿ, ಏನಾಯ್ತು?" ಎಂದಳು.

"ಕಾದರಂತೆ ಕಣಮ್ಮ" ಎಂದೆ. ಪಾಪ, ಅವಳಿಗೇನು ತಿಳಿದೀತು.