ಹದಿನೇಳನೆಯ ಪುಟದ ಬಾಲದ ಮೇಷ್ಟ್ರು

ಒಂದು ಸಂಶೋಧನಾ ಲೇಖನವನ್ನು ಸಾವಿರ ಜನ ಉಲ್ಲೇಖಿಸಿದ್ದಾರೆ ಎಂದರೆ ಸಾವಿರ ಜನ ಅದನ್ನು ಓದಿದ್ದಾರೆ ಎಂದರ್ಥವಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ಗೊತ್ತಿರುವವರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ಬೀಗ ಹಾಕಿಕೊಳ್ಳದ ಒಬ್ಬರು ನಮ್ಮ ಮೆಟ್ಟಿಲಿನ ಎದುರು ಬಾಗಿಲ ಮನೆಯಲ್ಲಿದ್ದಾರೆ.

ಬಾಲದ ಮೇಷ್ಟ್ರು ಎಂದರೆ ಬೀದಿಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಹಣಕಾಸಿನ ಗಣಿತ ಅವರ ಕಸುಬು. ಷೇರು, ಸಾಲಪತ್ರ ಇವೆಲ್ಲ ದಿನಾ ಒಂದಿಷ್ಟು ಏರಿ ಒಂದಿಷ್ಟು ಇಳಿಯುತ್ತವಲ್ಲ, ಎಷ್ಟರ ಏರಿಳಿತ ಎಷ್ಟು ದಿನ ಬಂತು ಎಂದು ಎಣಿಸಿ ಗೆರೆಯಾಗಿ ಬರೆದರೆ ನಡುವೆ ಒಂದು ಗುಡ್ಡ ಮೂಡುತ್ತದೆ, ಎರಡೂ ಪಕ್ಕಕ್ಕೆ ತೆಳ್ಳಗೆ ಬಾಲ ಚಾಚಿಕೊಳ್ಳುತ್ತದೆ. ಗುಡ್ಡದ ಬಗ್ಗೆ ಬರೆಯುವವರು ಬೇಕಾದಷ್ಟು ಜನ. ಮೇಷ್ಟ್ರು ಹಿಡಿದದ್ದು ಬಾಲವನ್ನು: ಎಂದೋ ಒಮ್ಮೆ ಬರುವ, ಬಂದರೆ ಮನೆಯನ್ನೇ ಗುಡಿಸಿಕೊಂಡು ಹೋಗುವ ನಷ್ಟವನ್ನು. “ಮಾರುಕಟ್ಟೆ ಯಾವಾಗ ಬಾಲ ಬಿಚ್ಚುತ್ತೆ ಅಂತ ಹೇಳೋಕಾಗಲ್ಲ, ಬಿಚ್ಚಿದ್ರೆ ಎಷ್ಟುದ್ದ ಅಂತ ಹೇಳಬಹುದು,” ಎಂದು ತರಗತಿಯಲ್ಲಿ ಹೇಳಿದ್ದೇ ಹೇಳಿದ್ದು, ಹೆಸರು ಅಂಟಿಕೊಂಡುಬಿಟ್ಟಿತು. ಹೆಂಡತಿ ಕೂಡ ಬೇರೆಯವರ ಮುಂದೆ ‘ನಮ್ಮ ಬಾಲದವರು’ ಎಂದೇ ಅನ್ನುವುದು. ಆಕೆ ಹಲ್ಲಿನ ಡಾಕ್ಟರು. ತನ್ನ ಕುರ್ಚಿಯಲ್ಲಿ ಕೂತವರು ಬಾಯಿ ತೆರೆದೇ ಇರುತ್ತಾರೆ, ಆದರೆ ಎದುರು ಮಾತಾಡಲಾರರು, ಮನೆಯಲ್ಲಿ ಗಂಡನ ಸ್ಥಿತಿಯೂ ಅಷ್ಟೇ ಎಂದು ತಾನೇ ನಗುತ್ತಾರೆ.

ಮೇಷ್ಟ್ರು ಹೆಚ್ಚು ಬರೆದವರಲ್ಲ. ಅವರ ಸಂಸ್ಥೆಯಲ್ಲಿ ಒಂದು ಫಲಿತಾಂಶ ಸಿಕ್ಕರೆ ಅದನ್ನು ಸೌತೆಕಾಯಿಯಂತೆ ಬಿಲ್ಲೆ ಬಿಲ್ಲೆ ಹೆಚ್ಚಿ, ಬಿಲ್ಲೆಗೊಂದು ಲೇಖನ ಮಾಡಿ, ಒಬ್ಬರ ಲೇಖನಕ್ಕೆ ಇನ್ನೊಬ್ಬರು ಬಾಲಂಗೋಚಿಯಾಗಿ ಹೆಸರು ಸೇರಿಸಿಕೊಳ್ಳುವವರಿದ್ದಾರೆ. ಮೊಗಸಾಲೆಯಲ್ಲಿ ಒಂದು ದೊಡ್ಡ ಪರದೆ. ಅದರಲ್ಲಿ ಪ್ರತಿಯೊಬ್ಬ ವಿದ್ವಾಂಸರ ಹೆಸರು, ಎದುರಿಗೆ ಅವರನ್ನು ಜಗತ್ತು ಎಷ್ಟು ಸಲ ಉಲ್ಲೇಖಿಸಿದೆ ಎಂಬ ಅಂಕಿ, ಪಕ್ಕದಲ್ಲಿ ಏರುವ ಅಥವಾ ಇಳಿಯುವ ಬಾಣ. ಕಾಫಿ ಹಿಡಿದು ಅದರ ಮುಂದೆ ನಿಂತು ಹೊಟ್ಟೆ ಉರಿಸಿಕೊಳ್ಳುವುದು ಅಲ್ಲಿನವರ ಬೆಳಗಿನ ವ್ಯಾಯಾಮ. ನಾಲ್ಕಾರು ಲೇಖನ ಬರೆದ ಬಾಲದ ಮೇಷ್ಟ್ರು ಆ ಪರದೆಯ ನೆತ್ತಿಯಲ್ಲಿದ್ದರು. ಕಾರಣ ಒಂದೇ ಒಂದು ಲೇಖನ. ನಿವೃತ್ತಿವೇತನ ಕೊಡುವ ನಿಧಿಗಳು ಕೆಟ್ಟ ದಿನಕ್ಕೆಂದು ಎಷ್ಟು ಹಣ ಎತ್ತಿಡಬೇಕು ಎಂದು ಹೇಳುವ ಪುಟ್ಟ ಸೂತ್ರ ಅದರಲ್ಲಿತ್ತು. ಜಗತ್ತು ಮುಗಿಬಿದ್ದು ಉಲ್ಲೇಖಿಸಿತು.

ಇಷ್ಟಾದರೂ ಅವರ ಕೆಲಸ ಗುತ್ತಿಗೆಯದು. ಒಂದು ವರ್ಷ ಕಾಯಂ ಪ್ರಾಧ್ಯಾಪಕರ ಹುದ್ದೆಯೊಂದು ಬಂತು. ಸಿಕ್ಕರೆ ಕೂತ ಕೋಣೆ ಉಳಿಯುತ್ತದೆ, ಸಿಗದಿದ್ದರೆ ಗುತ್ತಿಗೆಯ ಜೊತೆಗೆ ಕೋಣೆಯ ಬೀಗದ ಕೈಯನ್ನೂ ಒಪ್ಪಿಸಬೇಕು. ಅಂಕಿ ನೋಡಿದವರೆಲ್ಲ ಹುದ್ದೆ ಮೇಷ್ಟ್ರ ಜೇಬಿಗೆ ಬಿದ್ದಂತೆಯೇ ಎಂದರು.

ಆಯ್ಕೆ ಸಮಿತಿ ಕೂರಲು ಇನ್ನೂ ಸಮಯವಿದ್ದಾಗ, ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಮೇಷ್ಟ್ರು ಮರುದಿನದ ಪಾಠಕ್ಕೆ ತಮ್ಮ ಸೂತ್ರವನ್ನೇ ಮೊದಲಿನಿಂದ ಸಾಧಿಸುತ್ತಾ ಕೂತರು. ನಡುವೆ ಒಂದು ಸಾಲಿನಲ್ಲಿ ಪೆನ್ನು ನಿಂತಿತು. ನಿಧಿಯ ಎರಡು ಹೂಡಿಕೆಗಳಲ್ಲಿ ಒಂದು ಬಿದ್ದರೂ ಇನ್ನೊಂದು ಅದರ ಪಾಡಿಗೆ ಅದಿರುತ್ತದೆ ಎಂದು ಆ ಸಾಲು ಹಿಡಿದಿತ್ತು. ಗುಡ್ಡದ ಮೇಲೆ ಅದು ಸರಿ. ಬಾಲಕ್ಕೆ ಬಂದಾಗ ಎಲ್ಲ ಒಂದರ ಕೈ ಒಂದು ಹಿಡಿದುಕೊಂಡೇ ಬೀಳುತ್ತವೆ. ಬಾಲದ ಬಗ್ಗೆ ಬರೆದ ಲೇಖನದಲ್ಲಿ ಬಾಲವನ್ನೇ ಮರೆತಿದ್ದರು. ಎತ್ತಿಡಬೇಕಾದ ಹಣವನ್ನು ಸೂತ್ರ ಕಡಿಮೆ ತೋರಿಸುತ್ತಿತ್ತು.

ಹೆಂಡತಿಗೆ ಹೇಳಿದರು. ಜೊತೆಯಲ್ಲೇ ಇರುವ ಅತ್ತೆ, ಟೆಲಿಫೋನ್ ಕಚೇರಿಯಿಂದ ನಿವೃತ್ತರಾದವರು, ಟಿವಿಯ ಸದ್ದು ಇಳಿಸಿ ಪೂರ್ತಿ ಕೇಳಿಸಿಕೊಂಡರು. ತಮಗೆ ತಿಂಗಳ ಹಣ ಕಳಿಸುವ ನಿಧಿಯೂ ಈ ಸೂತ್ರವನ್ನೇ ಹಿಡಿದಿದೆಯೇ ಎಂದು ವಿಚಾರಿಸಿದರು. ಹಿಡಿದಿತ್ತು, ಕೈಪಿಡಿಯಲ್ಲಿ ಮೇಷ್ಟ್ರ ಹೆಸರೇ ಇತ್ತು.

“ಅಂದ್ರೆ ಅಳಿಯಂದ್ರೆ, ನನ್ನ ಮಾತ್ರೆ ದುಡ್ಡು ನಿಮ್ಮ ತಪ್ಪಿನ ಮೇಲೆ ಕೂತಿದೆ ಅನ್ನಿ.”

“ಹಾಗೇ ಅನ್ಕೊಳ್ಳಿ, ಅತ್ತೆ.”

“ಇಷ್ಟು ವರ್ಷ ಮನೇಲಿ ಮರ್ಯಾದೆ ಕೊಟ್ಟಿದ್ದಕ್ಕೆ ಒಳ್ಳೇ ಉಡುಗೊರೆ.”

ಹೆಂಡತಿ ಮಾತ್ರ ನಗಲಿಲ್ಲ. ತಿದ್ದುಪಡಿ ಕಳಿಸಿದರೆ ಹುದ್ದೆ ಕೈತಪ್ಪಬಹುದೇ ಎಂದು ಕೇಳಿದರು. ತಪ್ಪಬಹುದು ಎಂದರು ಮೇಷ್ಟ್ರು. ಆಕೆ, “ಹುಳುಕು ಕಣ್ಣಿಗೆ ಬಿದ್ದ ಮೇಲೆ ಬಾಯಿ ಮುಚ್ಕೊಳ್ಳಿ ಅಂತ ನಾನ್ಯಾರಿಗೂ ಹೇಳಿ ಕಳಿಸಿಲ್ಲ,” ಎಂದು ತಟ್ಟೆ ಎತ್ತಿಕೊಂಡು ಹೋದರು.

ಮರುದಿನ ಮೇಷ್ಟ್ರು ನಿರ್ದೇಶಕರ ಕೋಣೆಗೆ ಹೋದರು. ಸಂಸ್ಥೆಯ ಶ್ರೇಯಾಂಕ ನಿಂತಿದ್ದೇ ಆ ಒಂದು ಲೇಖನದ ಮೇಲೆ. ನಿರ್ದೇಶಕರೋ ಆಡಳಿತದಲ್ಲಿ ಪಳಗಿದವರು. ಕುರ್ಚಿ ಎಳೆದು ಕೂರಿಸಿ, ಸಮಿತಿ ಮುಗಿಯಲಿ, ಆಮೇಲೆ ನಿಧಾನಕ್ಕೆ ತಿದ್ದೋಣ ಎಂದು ಬೆನ್ನು ಸವರಿದರು. ಮೇಷ್ಟ್ರು ಬಗ್ಗದಿದ್ದಾಗ ಕೊನೆಯ ಬಾಣ ಬಿಟ್ಟರು: “ಅಲ್ಲ ಮಾರಾಯರೆ, ಪ್ರಪಂಚದ ಇಷ್ಟೊಂದು ಜನ ಓದಿದಾರೆ. ಅವರ್ಯಾರಿಗೂ ಕಾಣದೇ ಇರೋ ತಪ್ಪು ನಿಮಗೊಬ್ಬರಿಗೆ ಕಾಣ್ತಾ?”

ಪ್ರಶ್ನೆ ಮೇಷ್ಟ್ರ ತಲೆಗೆ ಹುಳ ಬಿಟ್ಟಿತು. ಹೌದಲ್ಲ, ಓದಿದವರು ಯಾರು? ತಮ್ಮನ್ನು ಉಲ್ಲೇಖಿಸಿದ ಲೇಖನಗಳನ್ನು ಒಂದೊಂದಾಗಿ ತೆರೆದರು. ಎಲ್ಲರೂ ಕೊನೆಯಲ್ಲಿ ಲೇಖಕರ ಹೆಸರು, ಪತ್ರಿಕೆ, ಸಂಚಿಕೆ, ಪುಟ ಬರೆದಿದ್ದರು. ಪುಟ ೭೧. ಇನ್ನೊಂದು ತೆರೆದರು, ೭೧. ಮತ್ತೊಂದು ಭಾಷೆಯಲ್ಲಿ ಬಂದದ್ದು, ೭೧. ನಿಧಿಯ ಕೈಪಿಡಿ, ಅದೇ ೭೧. ಮೇಷ್ಟ್ರ ಲೇಖನ ಶುರುವಾಗುವುದು ಪುಟ ೧೭ರಲ್ಲಿ.

ಅಂಕಿ ಹಿಂದುಮುಂದಾಗಿತ್ತು, ಅಷ್ಟೇ. ಒಬ್ಬರು ಹಾಗೆ ಬರೆದರೆ ಕೈಜಾರಿತು ಅನ್ನಬಹುದು. ಹಿಂಡಿಗೆ ಹಿಂಡೇ ಬರೆದರೆ? ಮೂಲ ತೆರೆಯದೆ, ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಎತ್ತಿ ಅಂಟಿಸಿಕೊಂಡಿದ್ದಾರೆ. ಸರಿಯಾಗಿ ಹದಿನೇಳು ಬರೆದವರೂ ಇದ್ದರು, ಇಲ್ಲವೆನ್ನಲಾರೆ. ಅವರನ್ನು ಒಂದು ಆಟೋದಲ್ಲಿ ಕೂರಿಸಿ ಕರೆದೊಯ್ಯಬಹುದು.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಆ ಹಳೆಯ ಸಂಚಿಕೆ ಸಿಕ್ಕಿತು. ಎಪ್ಪತ್ತೊಂದನೆಯ ಪುಟದಲ್ಲಿ ಏನಿದೆ ಎಂದು ಮೇಷ್ಟ್ರು ಕುತೂಹಲಕ್ಕೆ ತಿರುಗಿಸಿದರು. ‘ಲೇಖಕರಿಗೆ ಸೂಚನೆಗಳು’ ಎಂದಿತ್ತು. ಅದರಲ್ಲೊಂದು, ಉಲ್ಲೇಖಗಳನ್ನು ಮೂಲದೊಡನೆ ಹೋಲಿಸಿ ನೋಡುವುದು ಲೇಖಕರದೇ ಹೊಣೆ ಎಂದು. ಮೇಷ್ಟ್ರು ಅಲ್ಲೇ ಏಣಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಈ ಎಪ್ಪತ್ತೊಂದನ್ನು ಮೊದಲು ಹೆತ್ತ ಪುಣ್ಯಾತ್ಮ ಯಾರು ಎಂದು ಹಿಂದೆ ಹಿಂದೆ ಹೋದರು. ಸಿಕ್ಕಿದ್ದು ತಮ್ಮದೇ ಎರಡನೆಯ ಲೇಖನ. ಸೂತ್ರವಿದ್ದ ತಮ್ಮ ಮೊದಲ ಲೇಖನವನ್ನು ಉಲ್ಲೇಖಿಸುವಾಗ ಅವರೇ ನೆನಪಿನಿಂದ ಬರೆದು, ತಾವೇ ೧೭ನ್ನು ೭೧ ಮಾಡಿದ್ದರು.

“ಭೇಷ್,” ಎಂದರು ಹೆಂಡತಿ. “ನಿಮ್ಮನ್ನ ನೀವೇ ತೆಗೆದು ನೋಡಿಲ್ಲ. ಇನ್ನು ಬೇರೆಯವರನ್ನ ಅಂದು ಏನು ಪ್ರಯೋಜನ?”

ಮೇಷ್ಟ್ರು ಆ ದಿನವೇ ಎರಡೂ ತಪ್ಪನ್ನು ತಿದ್ದಿ, ಸೂತ್ರದ್ದು ಮತ್ತು ಪುಟದ್ದು, ಪತ್ರಿಕೆಗೆ ಕಳಿಸಿದರು. ನಿಧಿಗೂ ಬರೆದರು.

ಆಯ್ಕೆ ಸಮಿತಿಯ ಕೋಣೆಯಲ್ಲಿ ನಡೆದದ್ದನ್ನು ಮೇಷ್ಟ್ರು ನಮ್ಮ ಮೆಟ್ಟಿಲ ಮೇಲೆ ಕೂತು, ಉಪ್ಪು ಖಾರ ಹಚ್ಚದೆ ಹೇಳಿದರು. ಹೊರಗಿನಿಂದ ಬಂದ ಅಧ್ಯಕ್ಷರು ಲೇಖನವನ್ನು ಬಾಯ್ತುಂಬ ಹೊಗಳಿದರಂತೆ; ತಾವು ವರ್ಷಾ ವರ್ಷ ಅದನ್ನೇ ಪಾಠ ಮಾಡುವುದು, ತಮ್ಮ ಪುಸ್ತಕದಲ್ಲೂ ಅದಕ್ಕೆ ಗೌರವದ ಜಾಗವಿದೆ ಎಂದರಂತೆ. ಆ ಪುಸ್ತಕದಲ್ಲಿರುವ ಪುಟಸಂಖ್ಯೆ ಯಾವುದೆಂದು ಮೇಷ್ಟ್ರಿಗೆ ಗೊತ್ತಿತ್ತು. ಅದನ್ನು ಎತ್ತಲಿಲ್ಲ. ಲೇಖನ ತಪ್ಪು, ತಿದ್ದುಪಡಿ ಕಳಿಸಿದ್ದೇನೆ ಎಂದಷ್ಟೇ ಹೇಳಿ ಅದರ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟರು. ನಿರ್ದೇಶಕರು ಬಾಲ ಮುದುಡಿಕೊಂಡು ಕಿಟಕಿಯ ಪರದೆ ಸರಿಮಾಡುತ್ತಿದ್ದರು.

ಅಧ್ಯಕ್ಷರು ತಿದ್ದುಪಡಿಯ ಪುಟ ತಿರುಗಿಸಲಿಲ್ಲ. “ಇಷ್ಟು ಉಲ್ಲೇಖ ಇರೋ ಲೇಖನ ತಪ್ಪು ಹೇಗಾಗುತ್ತೆ?” ಎಂದರು.

“ಓದಿದ್ರೆ ಕಾಣುತ್ತೆ ಸಾರ್,” ಎಂದರು ಮೇಷ್ಟ್ರು.

ವ್ಯಂಗ್ಯಕ್ಕೆ ಹೇಳಿದ್ದಲ್ಲ, ದಾರಿ ತೋರಿಸಿದ್ದು ಎನ್ನುತ್ತಾರೆ. ನಾನು ನಂಬುತ್ತೇನೆ, ಸಮಿತಿ ನಂಬಲಿಲ್ಲ. ಹುದ್ದೆ ಸೌತೆಕಾಯಿ ಹೆಚ್ಚುವವರೊಬ್ಬರಿಗೆ ಹೋಯಿತು. ಗುತ್ತಿಗೆ ಮುಗಿದ ದಿನ ಮೇಷ್ಟ್ರು ಪುಸ್ತಕಗಳನ್ನು ಹಣ್ಣಿನಂಗಡಿಯ ರಟ್ಟಿನ ಡಬ್ಬಿಗಳಲ್ಲಿ ತುಂಬಿಕೊಂಡು ಬಂದರು. ಮೆಟ್ಟಿಲ ತಿರುವಿನಲ್ಲಿ ಒಂದು ಡಬ್ಬಿಯ ತಳ ಕಿತ್ತುಬಂತು, ಅತ್ತೆ ಮೇಲಿನಿಂದ, “ಅದೂ ನಿಮ್ಮ ಸೂತ್ರ ನೋಡಿ ಮಾಡಿದ್ದೇನೋ!” ಎಂದರು. ಈಗ ಮೇಷ್ಟ್ರು ಒಂದು ಸಂಜೆ ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಯುವವರಿಗೆ ಪಾಠ ಹೇಳುತ್ತಾರೆ. ಕೋಣೆಯಿಲ್ಲ, ಕಪಾಟಿನಲ್ಲಿ ಒಂದು ಖಾನೆಯಿದೆ. ಮೊದಲ ಪಾಠ ಎಲ್ಲ ಒಟ್ಟಿಗೆ ಏಕೆ ಬೀಳುತ್ತವೆ ಎಂಬುದು.

ತಿದ್ದುಪಡಿ ಅಚ್ಚಾಯಿತು. ಇವತ್ತಿನವರೆಗೆ ಅದನ್ನು ಒಬ್ಬರೂ ಉಲ್ಲೇಖಿಸಿಲ್ಲ. ತಪ್ಪು ಲೇಖನದ ಅಂಕಿ ಏರುತ್ತಲೇ ಇದೆ. ಕೋಣೆಯ ಬಾಗಿಲಿನ ಹೆಸರಿನ ಫಲಕ ಕಿತ್ತ ಮೇಲೂ ಮೊಗಸಾಲೆಯ ಪರದೆಯಿಂದ ಮೇಷ್ಟ್ರ ಹೆಸರನ್ನು ತೆಗೆದಿಲ್ಲ. ತೆಗೆದರೆ ಸಂಸ್ಥೆಯ ಶ್ರೇಯಾಂಕ ಬೀಳುತ್ತದಂತೆ. ನಾಚಿಕೆ ಎಂಬ ಪದಾರ್ಥಕ್ಕೆ ಆ ಪರದೆಯಲ್ಲಿ ಅಂಕಣವಿಲ್ಲ.

ಇನ್ನು ನಿಧಿಯವರ ಉತ್ತರ. ಅದನ್ನು ಅತ್ತೆ ಗೋಡೆಗೆ ಅಂಟಿಸಿದ್ದಾರೆ, ಬಂದವರಿಗೆಲ್ಲ ಓದಿ ಹೇಳುತ್ತಾರೆ: ಸದರಿ ಲೇಖನವು ವ್ಯಾಪಕವಾಗಿ ಉಲ್ಲೇಖಗೊಂಡಿರುವುದರಿಂದ ಸೂತ್ರವನ್ನು ಬದಲಿಸುವ ಅಗತ್ಯ ಕಂಡುಬಂದಿರುವುದಿಲ್ಲ. ಬರೆದವನೇ ತಪ್ಪು ಎಂದು ಕೂಗುತ್ತಿದ್ದಾನೆ, ಅವನ ಕೂಗಿಗೆ ಅವನ ಕೀರ್ತಿಯನ್ನೇ ಅಡ್ಡ ಹಿಡಿಯುತ್ತಾರೆ.

ಅತ್ತೆಯೂ ಬಿಡುವ ಪೈಕಿಯಲ್ಲ. ತಿಂಗಳಿಗೊಮ್ಮೆ ನಿಧಿಯ ಕಚೇರಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. ಟೆಲಿಫೋನಿನಲ್ಲಿ ಜೀವ ಸವೆಸಿದವರು, ಕಾಯಿಸಿದರೆ ಕಾಯುತ್ತಾರೆ. ಆದರೆ ಒಬ್ಬ ಮುದುಕಿ ಕೇಳಿದರೆ ಅದು ಕಿರಿಕಿರಿ, ಊರು ಕೇಳಿದರೆ ಲೆಕ್ಕ. ನಿಮ್ಮ ಮುಪ್ಪಿನ ಹಣವನ್ನೂ ಯಾರೋ ಒಬ್ಬರು, ಯಾವುದೋ ಸೂತ್ರದ ಮೇಲೆ ಕೂರಿಸಿ ಇಟ್ಟಿದ್ದಾರೆ. ಫೋನೆತ್ತಿ. ಆ ಸೂತ್ರ ಎಲ್ಲಿಂದ ಬಂತು, ಯಾವ ಪುಟದಲ್ಲಿದೆ, ಆ ಪುಟವನ್ನು ನಿಮ್ಮಲ್ಲಿ ತೆರೆದು ನೋಡಿದವರು ಯಾರು ಎಂದು ಅತ್ತೆಯಂತೆಯೇ ಕೇಳಿ. ಉತ್ತರ ಬರುವವರೆಗೆ ಫೋನು ಇಡಬೇಡಿ.